ಗಾಳಿಯಕ್ಕ ಅಳೆದ ಗಾಳಿ

ನಮ್ಮ ಬೀದಿಯವರು ಅವಳನ್ನು ಗಾಳಿಯಕ್ಕ ಎಂದೇ ಕರೆಯುವುದು. ಬಿರುಗಾಳಿಯ ಸುದ್ದಿ ಬಂದರೆ ನಾವೆಲ್ಲ ಕಿಟಕಿ ಮುಚ್ಚಿ ಒಳಗೆ ಕೂರುತ್ತೇವೆ. ಅವಳು ಹಳೆಯ ವ್ಯಾನ್ ಹತ್ತಿ ಗಾಳಿಯ ಬೆನ್ನು ಹತ್ತುತ್ತಾಳೆ. ಕಡಲಂಚಿನ ರಸ್ತೆಯಲ್ಲಿ ನಾಲ್ಕು ಕಡೆ ನಿಂತು, ಕೈಯಲ್ಲಿ ಹಿಡಿಯುವ ಮಾಪಕದಿಂದ ಗಾಳಿಯ ವೇಗ ಅಳೆದು ಹವಾಮಾನ ಕಚೇರಿಗೆ ಫೋನಿನಲ್ಲಿ ಹೇಳಬೇಕು. ಆ ಅಂಕಿ ನೋಡಿಯೇ ಬಂದರಿನವರು ದೋಣಿಗಳನ್ನು ವಾಪಸು ಕರೆಯುತ್ತಾರೆ. ಹನ್ನೊಂದು ವರ್ಷದಿಂದ ಅದು ಹಂಗಾಮಿ ಕೆಲಸ. ಈ ವರ್ಷ ಕಾಯಂ ಆಗುತ್ತದೆ ಎಂದು ಕಚೇರಿಯವರೇ ಹೇಳಿದ್ದರಿಂದ ಅವಳು ದಿನ ಎಣಿಸುತ್ತಿದ್ದಳು.

ಮನೆ ಬಿಡುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ಎರಡು ಹೊತ್ತಿನ ಅಡುಗೆ ಮಾಡಿಡಬೇಕು, ಮಾವನ ಮಾತ್ರೆಗಳನ್ನು ನೀರಿನ ಲೋಟದ ಪಕ್ಕ ಜೋಡಿಸಬೇಕು, ಮಹಡಿಯ ಬಟ್ಟೆ ತೆಗೆದು, ಬಾಗಿಲ ಸಂದಿಗೆ ಚಿಂದಿ ತುರುಕಬೇಕು. "ಬಿರುಗಾಳಿನಾದ್ರೂ ಹೇಳಿ ಕೇಳಿ ಬರುತ್ತೆ, ನಮ್ಮನೆಯವರ ಹಸಿವು ಹಾಗಲ್ಲ," ಎಂದು ನಗಿಸುತ್ತಿದ್ದಳು.

ಆ ಬೆಳಿಗ್ಗೆ ಅವಳ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ನನ್ನ ತಮ್ಮನನ್ನೂ ಕರ್ಕೊಂಡು ಹೋಗು. ಒಬ್ಬಳೇ ಯಾಕೆ ಒದ್ದಾಡ್ತೀಯ?" ಎಂದ. ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಅವಳ ಮನಸ್ಸು ಮೆತ್ತಗಾಯಿತು. ಇನ್ನೊಂದು ಡಬ್ಬಿ ತುಂಬಿಸಿಕೊಂಡಳು.

ಮೈದುನನಿಗೆ ಇಪ್ಪತ್ತಾರು. ಸ್ನಾನಕ್ಕೆ ಹೋಗಿ ಟವೆಲಿಗಾಗಿ ಕೂಗುವ ಜಾತಿ. ಹೊಸ ರೇನ್‌ಕೋಟಿನ ಚೀಟಿಯನ್ನೂ ಕಿತ್ತಿರಲಿಲ್ಲ. ಮೊದಲ ನಿಲುಗಡೆಯಲ್ಲಿ ಮಾಪಕ ಹಿಡಿದು ಕೂಗಿದ, "ಅತ್ತಿಗೆ, ಎಲ್ಲಿದೆ ಗಾಳಿ? ಬರೀ ಒಂಬತ್ತು ತೋರಿಸ್ತಿದೆ!"

"ವ್ಯಾನಿನ ಮರೆಯಲ್ಲಿ ನಿಂತ್ರೆ ಇನ್ನೆಷ್ಟು ತೋರಿಸುತ್ತೆ? ಸೊಳ್ಳೆಪರದೆ ಒಳಗೆ ಕೂತು ಸೊಳ್ಳೆ ಎಣಿಸಿದ ಹಾಗಾಯ್ತು! ಇಪ್ಪತ್ತು ಹೆಜ್ಜೆ ಈಚೆ ಬಾ. ಕಾಲು ಅಗಲಿಸು, ಕೈ ಚಾಚು."

ಈಚೆ ಬಂದದ್ದೇ ತಡ, ಅವನ ಟೋಪಿ ಹಾರಿ ಸಮುದ್ರ ಸೇರಿತು. ಇಬ್ಬರೂ ನಕ್ಕರು. ಹತ್ತು ನಿಮಿಷ ಅಲ್ಲಾಡದೆ ನಿಲ್ಲುವುದು, ನಿಮಿಷಕ್ಕೊಮ್ಮೆ ಬರೆದುಕೊಳ್ಳುವುದು, ಸರಾಸರಿ ತೆಗೆಯುವುದು, ಎಲ್ಲವನ್ನೂ ಹೇಳಿಕೊಟ್ಟಳು. ತನ್ನ ಕೆಲಸ ಏನೆಂದು ಮನೆಯವರಲ್ಲಿ ಒಬ್ಬನಿಗಾದರೂ ಗೊತ್ತಾಯಿತಲ್ಲ ಎಂದು ಅವಳಿಗೆ ಸಂತೋಷವೇ ಆಗಿತ್ತು.

ಎರಡನೆಯ ನಿಲುಗಡೆ ಮುಗಿಸಿ ದೀಪಸ್ತಂಭದ ತಿರುವಿಗೆ ಹೋಗುತ್ತಿದ್ದಾಗ ಅವನು ಕೇಳಿದ, "ಅತ್ತಿಗೆ, ಕಾಯಂ ಆದ್ಮೇಲೆ ವರ್ಷಕ್ಕೆ ಎಷ್ಟು ರಜೆ ಕೊಡ್ತಾರೆ?"

"ನನಗ್ಯಾರಪ್ಪಾ ರಜೆ ಕೊಡ್ತಾರೆ?"

"ನಿಮಗಲ್ಲ, ನನಗೆ." ಅವಳ ಮುಖ ನೋಡಿ ತಡವರಿಸಿದ. "ಅಣ್ಣ ಹೇಳಿಲ್ವಾ? ಮನೆ ಜವಾಬ್ದಾರಿ ಜಾಸ್ತಿ ಆಯ್ತು, ನನ್ನ ಬದಲು ಮೈದುನನ್ನ ತಗೊಳ್ಳಿ ಅಂತ ನೀವೇ ಬರ್ಕೊಟ್ರಿ ಅಂದ. ಹೆಣ್ಣಿನ ಕಡೆಯವರು ಕೆಲಸ ಏನು ಅಂತ ಕೇಳ್ತಿದ್ದಾರಲ್ಲ, ಅದಕ್ಕೆ. ಇವತ್ತು ಕಲಿಯೋಕೆ ಅಂತಲೇ ಕಳಿಸಿದ್ದು."

ಗಾಳಿಯಕ್ಕ ವ್ಯಾನನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು. ಹೋದ ತಿಂಗಳು ಅವಳು ಪಾತ್ರೆ ತೊಳೆಯುತ್ತಿದ್ದಾಗ ಗಂಡ ಒಂದು ಕಾಗದ ತಂದಿದ್ದ. "ಇನ್ಶೂರೆನ್ಸಿಂದು, ಬೇಗ ಸಹಿ ಹಾಕು, ಅಂಚೆಗೆ ಹೊತ್ತಾಯ್ತು." ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದ್ದಳು. ಓದಲು ಕನ್ನಡಕ ಬೇಕಿತ್ತು. ಕನ್ನಡಕ ತರಲು ಒಳಗೆ ಹೋದರೆ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

"ನಿಮಗೇ ಹೇಳಿಲ್ಲ ಅಂತ ನನಗೆ ಗೊತ್ತಿರಲಿಲ್ಲ ಅತ್ತಿಗೆ, ದೇವ್ರಾಣೆ," ಎಂದ ಮೈದುನ.

ಅವಳು ವ್ಯಾನನ್ನು ಮತ್ತೆ ರಸ್ತೆಗೆ ಇಳಿಸಿದಳು. ದೀಪಸ್ತಂಭದ ತಿರುವಿನಲ್ಲಿ ಅವಳೊಬ್ಬಳೇ ಇಳಿದಳು. ಮರಳು ಸೂಜಿಯಂತೆ ಮುಖಕ್ಕೆ ಚುಚ್ಚುತ್ತಿತ್ತು. ಹತ್ತು ನಿಮಿಷ ಕೈ ಚಾಚಿ ನಿಂತು, ದೀಪಸ್ತಂಭದ ಗೋಡೆಯ ಮರೆಗೆ ಬಂದು ಕಚೇರಿಗೆ ಫೋನ್ ಮಾಡಿದಳು.

"ಸರ್, ಆ ಪತ್ರ ನಾನು ಬರೆದದ್ದಲ್ಲ. ಸಹಿ ನಂದು, ಮಾತು ನಂದಲ್ಲ."

ಕಚೇರಿಯ ಗುಮಾಸ್ತ ನಿಟ್ಟುಸಿರು ಬಿಟ್ಟ. "ಆರ್ಡರ್ ಆಗೋಗಿದೆ ಮೇಡಂ. ಇವತ್ತಿನಿಂದಲೇ ನಿಮ್ಮ ಮೈದುನರ ಹೆಸರಲ್ಲಿದೆ. ಮನೆ ವಿಷಯ ಮನೆಯಲ್ಲೇ ಮಾತಾಡ್ಕೊಳ್ಳಿ. ಅಂಕಿ ಹೇಳಿ, ಬಂದರಿನವರು ಕಾಯ್ತಿದ್ದಾರೆ."

"ಅಳೆದದ್ದು ನಾನು. ನನ್ನ ಹೆಸರಲ್ಲಿ ಬರ್ಕೊಳ್ಳೋದಾದ್ರೆ ಹೇಳ್ತೀನಿ."

"ಹಾಗೆ ಬರೆಯೋಕೆ ಕಾಲಂ ಇಲ್ಲ ಮೇಡಂ. ಇನ್ನೂ ಹದಿನಾಲ್ಕು ದೋಣಿ ನೀರಲ್ಲಿವೆ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕಡಲಿನ ಕಡೆ ನೋಡಿದಳು. ಸಿಟ್ಟು ಬಂದ ದಿನವೂ ಅವಳ ಮನೆಯಲ್ಲಿ ಒಲೆ ಹೊತ್ತದೆ ಇದ್ದದ್ದಿಲ್ಲ. ಗಂಡನಿಗೂ ಅದು ಗೊತ್ತಿತ್ತು, ಅದರ ಮೇಲೆ ಭಾರ ಹಾಕಿಯೇ ಅವನು ಆ ಪತ್ರ ಬರೆದದ್ದು.

"ಗಂಟೆಗೆ ಅರವತ್ತೆಂಟು. ಏರ್ತಾ ಇದೆ. ಎಲ್ಲರನ್ನೂ ಕರೆಸಿ."

"ಬರ್ಕೊಂಡೆ. ನಿಮ್ಮ ಮೈದುನರಿಗೊಂದು ಥ್ಯಾಂಕ್ಸ್ ಹೇಳಿಬಿಡಿ ಮೇಡಂ."

ವ್ಯಾನಿನೊಳಗೆ ಮೈದುನ ಕನ್ನಡಿ ಬಗ್ಗಿಸಿಕೊಂಡು ತಲೆ ಬಾಚುತ್ತಿದ್ದ.

"ಕಚೇರಿಯವರು ನಿನಗೆ ಥ್ಯಾಂಕ್ಸ್ ಹೇಳಿದ್ರು," ಎಂದಳು.

"ಅಯ್ಯೋ, ಪರವಾಗಿಲ್ಲ ಅತ್ತಿಗೆ," ಎಂದ ಅವನು.

ಸೇತುವೆಯ ನಿಲುಗಡೆ ಇನ್ನೂ ಬಾಕಿಯಿತ್ತು. ಅವಳು ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ವ್ಯಾನ್ ಸ್ಟಾರ್ಟ್ ಮಾಡಿದಳು.