ಬಂಗುಡೆ ತಿಂದವನಿಗೆ ಹುಳದ ಮನೆ ಇಲ್ಲ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದೇ, ಬಂಗುಡೆ ಮೀನಿನದಲ್ಲ. ಅದು ಪಾಪ, ಮೈಗೆಲ್ಲ ಮಸಾಲೆ ಬಳಿದುಕೊಂಡು ತಟ್ಟೆಯಲ್ಲಿ ಸುಮ್ಮನೆ ಮಲಗಿತ್ತು.

ಅರವತ್ತರ ದಶಕದ ಕೊನೆ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಸೀರೆ ಗಂಟು ಹೊತ್ತು ಮಂಗಳೂರಿಗೆ ಹೋಗಿದ್ದೆ. ಇತ್ತ ಮುಳ್ಳೂರಿನ ಮನೆಯಲ್ಲಿ ಅವ್ವ ರೇಷ್ಮೆ ಹುಳ ಸಾಕುತ್ತಿದ್ದಳು. ನಾವು ಮೀನು ತಿನ್ನದವರೇನಲ್ಲ. ಆದರೆ ಹುಳ ಮನೆಯಲ್ಲಿರುವಷ್ಟು ದಿನ ಯಾರೂ ತಿನ್ನುವಂತಿಲ್ಲ. ಮೀನು ತಿಂದವನು ಹುಳದ ಕೋಣೆಗೆ ಕಾಲಿಟ್ಟರೆ, ಹಿಪ್ಪುನೇರಳೆ ಸೊಪ್ಪು ಮುಟ್ಟಿದರೆ, ಹುಳವೆಲ್ಲ ಸಾಯುತ್ತವೆ ಎಂದು ಅವ್ವನ ನಂಬಿಕೆ. ಆ ಬೆಳೆಗಾಗಿ ಅವಳು ಮೂರು ವಾರದಿಂದ ಸರಿಯಾಗಿ ಉಂಡಿರಲಿಲ್ಲ.

ಮಂಗಳೂರಿನಲ್ಲಿ ಸೋಮವಾರ, ಮಾದಪ್ಪನ ವಾರವೆಂದು ಮಜ್ಜಿಗೆ ಅನ್ನ ಉಂಡು ದೊಡ್ಡ ಭಕ್ತನ ಮುಖ ಮಾಡಿದೆ. ಮಂಗಳವಾರ ಬಂದರಿನ ಹೋಟೆಲಿನ ಹೆಂಗಸು, “ಎಂಥ ಮಾರಾಯ್ರೆ, ಕಡಲಿನ ಹತ್ರ ಬಂದು ಇವತ್ತೂ ಮಜ್ಜಿಗೆಯಾ?” ಎಂದಳು. ಲೆಕ್ಕ ಹಾಕಿದೆ: ನಾನು ಊರು ಸೇರುವಷ್ಟರಲ್ಲಿ ಹುಳ ಗೂಡು ಕಟ್ಟಿರುತ್ತವೆ. ಮೂರು ಬಂಗುಡೆ ತಿಂದೆ. ನಾಲ್ಕನೆಯದನ್ನು ಅವಳ ದನಿಯನ್ನೇ ಅಣಕಿಸಿ ಕೇಳಿ, ನಗಿಸಿ, ಬಿಟ್ಟಿಯಾಗಿ ತಿಂದೆ.

ಆ ಸಲದ ಚಳಿ ನನ್ನ ಲೆಕ್ಕ ಕೇಳಲಿಲ್ಲ; ಹುಳ ನಿಧಾನವಾಗಿ ಬೆಳೆದಿದ್ದವು. ಗುರುವಾರ ಮನೆ ಮುಟ್ಟಿದರೆ ಹುಳ ಇನ್ನೂ ಮೇಯುತ್ತಿವೆ. ಬಿದಿರು ತಟ್ಟೆಗಳಲ್ಲಿ ಬರೀ ಕಡ್ಡಿ. ಹುಳಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.

“ಬಂದ್ಯಾ ಮಗ? ಕೈಕಾಲ್ ತೊಳ್ಕಂಡು ಆ ಸೊಪ್ಪಿನ ಮಂಕ್ರಿ ಎತ್ಕಂಡ್ ಬಾ. ಬೆಳಗಿಂದ ಒಬ್ಳೇ ಸಾಯ್ತಿವ್ನಿ,” ಎಂದಳು ಅವ್ವ ಒಳಗಿನಿಂದ.

ಮಂಕರಿಯ ಮುಂದೆ ನಿಂತೆ. ಮುಟ್ಟಿದರೆ ಹುಳ ಸತ್ತಾವು. ಮುಟ್ಟದಿದ್ದರೆ ಅವ್ವ ಸೋತು ಬಿದ್ದಾಳು. ಸುಳ್ಳು ಹೇಳೋಣವೆಂದರೆ, ಶ್ಯಾನುಭೋಗರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಊರವರ ದನಿಯನ್ನೆಲ್ಲ ತೆಗೆಯುವ ನನಗೆ ನನ್ನ ದನಿಯೇ ಹೊರಡಲೊಲ್ಲದು.

“ಅವ್ವಾ... ಮಂಗಳವಾರ ಮೀನ್ ತಿಂದ್ಬುಟ್ಟೆ.”

ಅವ್ವ ಹೊಸ್ತಿಲು ದಾಟಿ ಬಂದಳು. ಸೆರಗು ಬಿಗಿದು, ಮಂಕರಿಯನ್ನು ತಾನೇ ಸೊಂಟಕ್ಕೇರಿಸಿಕೊಂಡಳು. ಭಾರಕ್ಕೆ ಒಂದು ಹೆಜ್ಜೆ ಓಲಾಡಿದಳು. ಚಾಚಿದ ನನ್ನ ಕೈ ಅರ್ಧದಲ್ಲೇ ನಿಂತಿತು. ಬೇರೇನೂ ತೋಚದೆ, ನಗಿಸಿಯಾದರೂ ನೋಡೋಣವೆಂದು ಹೋಟೆಲಿನವಳ ದನಿ ತೆಗೆದೆ: “ಎಂಥ ಮಾರಾಯ್ರೆ...”

ಅವ್ವ ಬಾಗಿಲಲ್ಲಿ ತಿರುಗಿ ನಿಂತಳು.

“ಎಲ್ಲಾರಂಗೂ ಆಡ್ತೀಯಲ್ಲಾ, ಮೀನ್ ತಿನ್ನದೆ ಬಂದ ಮಗನಂಗೂ ಒಂದ್ಸಲ ಆಡ್ಬುಡು ಕಣ್ಲಾ, ನೋಡವ.”