ಲೆಕ್ಕದ ಡಾಕ್ಟರು

ಸೋಲಾಪುರದ ಆ ಲಿವರ್ ಡಾಕ್ಟರು ಯಾರ ಬಗ್ಗೆಯೂ ‘ಉಳಿಯುತ್ತಾರೆ’ ಎಂದು ಬಾಯಿಬಿಟ್ಟು ಹೇಳಿದವರಲ್ಲ. ರಕ್ತದ ರಿಪೋರ್ಟಿನ ಅಂಕಿಗಳನ್ನು ಮೊಬೈಲಿಗೆ ಒತ್ತಿ, ಕನ್ನಡಕವನ್ನು ಹಣೆಗೇರಿಸಿ, “ಲೆಕ್ಕ ಹಿಂಗಂತದ. ಮನಷ್ಯಾ ಏನಂತಾನ ನೋಡೂಣು” ಎನ್ನುತ್ತಿದ್ದರು. ಜಾತಕ ನೋಡುವವರೂ ಇಷ್ಟು ಹುಷಾರಾಗಿ ಮಾತಾಡುವುದಿಲ್ಲ.

ವಾಗದರಿಯ ನಮ್ಮ ಕಾಕಾ ರಕ್ತ ಕಾರಿಕೊಂಡಾಗ, ಈ ಡಾಕ್ಟರೇ ಲಿವರಿನೊಳಗೆ ನಳಿಗೆ ಕೂಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಿಕೊಟ್ಟರು. “ರಕ್ತ ನಿಲ್ಲತದ ಮಾವಶಿ. ಆದ್ರ ತಲಿ ಮಬ್ಬಾಗಬಹುದು, ಲಕ್ಷ್ಯ ಇಡ್ರಿ” ಎಂದು ಕಾಕಾನ ಹೆಂಡತಿ ಕಾಕುವಿಗೆ ಹೇಳಿ ಮನೆಗೆ ಕಳಿಸಿದರು. ಅಲ್ಲಿಯವರೆಗೆ ವಾರ್ಡಿನಲ್ಲಿ ಕಾಕಾನ ಬೈಗುಳ ತಿನ್ನದವರಿರಲಿಲ್ಲ. ಡಾಕ್ಟರಿಗಂತೂ ದಿನಕ್ಕೆರಡು ಸಲ.

ಹದಿನೈದು ದಿನ ಬಿಟ್ಟು ತೋರಿಸಲು ಹೋದೆವು. ಕಾಕಾ ಕೈಮುಗಿದು, “ನಮಸ್ಕಾರ್ರಿ ಸಾಹೇಬ್ರ, ಆರಾಮ ಅದೀರಿ?” ಎಂದ.

ಕಾಕುವಿಗೆ ಹಿಗ್ಗೋ ಹಿಗ್ಗು. “ನಾಕ ದಿನ ಆತ್ರಿ, ಒಬ್ಬರಿಗೂ ಬೈದಿಲ್ಲ. ಅಕ್ಕಲಕೋಟ ಸ್ವಾಮಿಗೆ ಬೇಡ್ಕೊಂಡಿದ್ದೆ.”

ಡಾಕ್ಟರ ಕನ್ನಡಕ ಹಣೆಯಿಂದ ಕೆಳಗಿಳಿಯಿತು. “ಇವರು ನನಗ ನಮಸ್ಕಾರ ಮಾಡೋ ಪೈಕಿ ಅಲ್ಲ. ಈಗಿಂದೀಗ ಅಡ್ಮಿಟ್ ಮಾಡ್ರಿ.”

ತಲೆ ಮಬ್ಬಾಗಿತ್ತು. ನಾವು ಅದನ್ನೇ ಸ್ವಾಮಿಯ ಕೃಪೆ ಎಂದು ತೆಂಗಿನಕಾಯಿ ಒಡೆದು ಬಂದಿದ್ದೆವು.

ತಲೆಗೇರಿದ ನಂಜು ಇಳಿಯಲೆಂದು ಹೊಟ್ಟೆ ತೊಳೆಯುವ ಸಿಹಿ ಔಷಧವನ್ನು ಮೂರು ದಿನ ಕುಡಿಸಿದರು. ನಾಲ್ಕನೆಯ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಕಾಲಿಡುತ್ತಲೇ ಕಾಕಾ ಗುಡುಗಿದ: “ಭಾಡ್ಯಾ, ಏನ್ ಕುಡಿಸೀಯೋ? ಮೂರು ದಿನದಿಂದ ಸಂಡಾಸದಾಗ ಕುಂತೀನಿ!”

ಡಾಕ್ಟರು ಮೊಬೈಲನ್ನು ಕಿಸೆಯಿಂದ ತೆಗೆಯಲೇ ಇಲ್ಲ.

“ಮನಷ್ಯಾ ಹೇಳ್ಯಾನ. ಮನಿಗೆ ಕರ್ಕೊಂಡು ಹೋಗ್ರಿ, ಮಾವಶಿ.”