ಚರ್ಮದ ಕ್ಯಾನ್ಸರಿನ ಡಾಕ್ಟರಮ್ಮ ಹೊಟ್ಟೆಯ ಸುದ್ದಿ ಕೇಳಿದ್ದು

ಒಂದು ಮಚ್ಚೆಯಲ್ಲಿ ಹುಟ್ಟಿ ಸದ್ದಿಲ್ಲದೆ ಶ್ವಾಸಕೋಶಕ್ಕೂ ಯಕೃತ್ತಿಗೂ ಹಬ್ಬಿಬಿಡುವ ಚರ್ಮದ ಕ್ಯಾನ್ಸರಿನ ಮುಂದೆ ವೈದ್ಯಲೋಕ ಬಹುಕಾಲ ಕೈಕಟ್ಟಿ ನಿಂತಿತ್ತು. ಆ ಕಾಲವನ್ನೂ, ಪ್ರತಿಕಾಯಗಳೆಂಬ ಹೊಸ ಔಷಧಿಗಳು ಬಂದು ಆಟ ಬದಲಾದ ಕಾಲವನ್ನೂ ಒಂದೇ ವಿಭಾಗದಲ್ಲಿದ್ದು ಕಣ್ಣಾರೆ ಕಂಡವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮುಖ್ಯಸ್ಥೆ. ರೋಗಿಗಳಿಗೂ ನಮಗೂ ಅವರು ದೊಡ್ಡ ಡಾಕ್ಟರಮ್ಮ. ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ನಮ್ಮ ಆಸ್ಪತ್ರೆಯಲ್ಲಿ ಮೊದಲು ಆರಂಭಿಸಿದವರು ಅವರೇ. ಆ ಚಿಕಿತ್ಸೆ ಪಡೆದವರನ್ನು ಆ ಚಿಕಿತ್ಸೆಯ ಅಪಾಯಗಳಿಂದಲೇ ಕಾಪಾಡುವುದು ಹೇಗೆಂದು ಕಲಿತು ಕಲಿಸಿದವರೂ ಅವರೇ, ಮತ್ತು ಈ ಎರಡನೆಯದೇ ಹೆಚ್ಚಿನದೆಂದು ನಾವು ತಿಳಿದಿದ್ದೇವೆ. ಅವರಿಗಾಗಿ ನಾವು ತರುತ್ತಿರುವ ಈ ಅಭಿನಂದನ ಗ್ರಂಥದ ವಿಷಯ ಕಿವಿಗೆ ಬಿದ್ದಾಗ ಅವರು ಮೂಗು ಮುರಿದು, "ಅಷ್ಟೊಂದು ಜನಕ್ಕೆ ಬರೆಯೋಕೆ ಬಿಡುವಿದೆ ಅಂದ್ರೆ ಹೊರರೋಗಿ ವಿಭಾಗದಲ್ಲಿ ಯಾರಿದ್ದಾರೆ?" ಎಂದರು. ಆದ್ದರಿಂದ ಹೊಗಳಿಕೆಗೆ ಕಡಿವಾಣ ಹಾಕಿ, ನಡೆದದ್ದನ್ನು ನಡೆದಂತೆ ಹೇಳುವುದೇ ಕ್ಷೇಮ.

ಅವರು ಸೇವೆಗೆ ಸೇರಿದಾಗ ವಿಭಾಗವೆಂಬುದು ಕಾರಿಡಾರಿನ ತುದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಿದ್ದ ಎರಡು ಕೊಠಡಿ. ಇಡೀ ದಿನ ಗೋಡೆಯಾಚೆಯಿಂದ ಯಂತ್ರದ ಗಡಗಡ ಸದ್ದು. ಆಗಿನ ಔಷಧಿಗಳಿಗೆ ಕೂದಲು ಉದುರುತ್ತಿತ್ತು, ವಾಂತಿಯಾಗುತ್ತಿತ್ತು, ಗೆಡ್ಡೆ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಹಿರಿಯ ವೈದ್ಯರು ಕೆಟ್ಟ ಸುದ್ದಿಯನ್ನು ಹಾಸಿಗೆಯ ಪಕ್ಕ ನಿಂತು ಹೇಳಿ ಮುಂದೆ ಸಾಗುತ್ತಿದ್ದರು. ಹೊಸದಾಗಿ ಬಂದ ಈ ಯುವ ವೈದ್ಯೆ ಒಂದು ಸ್ಟೂಲನ್ನು ತಾವೇ ಎತ್ತಿಕೊಂಡು ಹೋಗಿ, ಕುಳಿತು, ಆಮೇಲೆ ಬಾಯಿ ತೆರೆಯುತ್ತಿದ್ದರು. ಸ್ಟೂಲು ಹೊತ್ತು ತಿರುಗುವ ಡಾಕ್ಟರು ಎಂದು ಬೆನ್ನ ಹಿಂದೆ ನಕ್ಕವರುಂಟು. ವರ್ಷ ಕಳೆಯುವುದರೊಳಗೆ ನಕ್ಕವರೂ ಸ್ಟೂಲು ಹುಡುಕತೊಡಗಿದ್ದರು.

ಕೋಪ ಅವರಿಗೆ ಮೂಗಿನ ತುದಿಯಲ್ಲೇ ಇತ್ತು ಎಂಬುದನ್ನು ಮುಚ್ಚಿಟ್ಟರೆ ಈ ಲೇಖನವನ್ನು ಯಾರೂ ನಂಬುವುದಿಲ್ಲ. ಕಿರಿಯ ವೈದ್ಯನೊಬ್ಬನ ತಂದೆ ತೀವ್ರ ನಿಗಾ ಘಟಕದಲ್ಲಿದ್ದಾಗ ಅವನ ಹೊರರೋಗಿಗಳನ್ನೆಲ್ಲ ಅವರೇ ನೋಡಿಕೊಂಡರು. ತಂದೆ ಗುಣವಾದ ಮೇಲೆ ಆತ ಕೃತಜ್ಞತೆ ಹೇಳಲು ಹೋದರೆ, "ಅದಿರಲಿ, ನಿನ್ನ ಕೈಬರಹ ಓದಿ ಓದಿ ನನ್ನ ಕನ್ನಡಕದ ನಂಬರ್ ಹೆಚ್ಚಾಯ್ತು" ಎಂದು ಬೈದು ಕಳಿಸಿದರು. ಬೈಗುಳದಲ್ಲಿ ಅಕ್ಕರೆ ಸುತ್ತಿ ಕೊಡುವುದು ಅವರ ಪದ್ಧತಿ.

ಮುಂದೆ ಪ್ರತಿಕಾಯಗಳ ಕಾಲ ಬಂತು. ಅದರ ಹಿಂದಿನ ವಿಚಾರ ಸರಳವಾದದ್ದು. ನಮ್ಮ ದೇಹದ ರಕ್ಷಕ ಕಣಗಳಿಗೆ ಕ್ಯಾನ್ಸರನ್ನು ಕೊಲ್ಲುವ ಶಕ್ತಿ ಇದೆ. ಆದರೆ ಅವು ಹದ್ದು ಮೀರದಿರಲೆಂದು ದೇಹವೇ ಅವಕ್ಕೆ ತಡೆಗಳನ್ನಿಟ್ಟಿದೆ, ಕ್ಯಾನ್ಸರು ಆ ತಡೆಗಳ ಮರೆಯಲ್ಲಿ ಆರಾಮಾಗಿ ಬೆಳೆಯುತ್ತದೆ. ಒಂದು ಪ್ರತಿಕಾಯ ಒಂದು ತಡೆಯನ್ನು ಸಡಿಲಿಸಿದರೆ, ಇನ್ನೊಂದು ಇನ್ನೊಂದು ತಡೆಯನ್ನು ಸಡಿಲಿಸುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟಾಗ, ತಿಂಗಳುಗಳ ಮಾತಾಡುತ್ತಿದ್ದ ಕಡೆ ವರ್ಷಗಳ ಮಾತಾಡುವಂತಾಯಿತು. ಹಾಗೆಂದು ಇದು ಎಲ್ಲರಿಗೂ ಫಲಿಸುವ ಚಿಕಿತ್ಸೆಯಲ್ಲ, ಪುಕ್ಕಟೆಯಾಗಿ ಫಲಿಸುವುದೂ ಅಲ್ಲ. ಕಡಿವಾಣ ಕಳಚಿದ ಕಣಗಳು ಕೆಲವೊಮ್ಮೆ ದೇಹದ ಒಳ್ಳೆಯ ಅಂಗಗಳ ಮೇಲೇ ಬೀಳುತ್ತವೆ, ಅದರಲ್ಲೂ ಕರುಳಿನ ಮೇಲೆ. ಆದ್ದರಿಂದಲೇ ಚರ್ಮದ ಕ್ಯಾನ್ಸರಿನ ಈ ವೈದ್ಯೆ ಔಷಧಿ ಕೊಟ್ಟ ಮೇಲೆ ರೋಗಿಗಳ ಮನೆಗೆ ತಾವೇ ಫೋನು ಮಾಡಿ, ಮೊದಲು ಕೇಳುತ್ತಿದ್ದ ಪ್ರಶ್ನೆ, "ಹೊಟ್ಟೆ ಹೇಗಿದೆ?" ಎಂಬುದಾಗಿತ್ತು.

ಇಲ್ಲಿ ಒಬ್ಬ ಈಜು ಶಿಕ್ಷಕಿಯ ಸಂಗತಿ ಹೇಳಲೇಬೇಕು; ಏಕೆಂದರೆ ದೊಡ್ಡ ಡಾಕ್ಟರಮ್ಮನ ವೃತ್ತಿಜೀವನ ಹೊರಳಿದ್ದು ಅಲ್ಲಿ. ನಲವತ್ತರ ಆಸುಪಾಸಿನ ಆಕೆ ತೆರೆದ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವರು. ಬೆನ್ನಿನ ಮಚ್ಚೆಯನ್ನು ತೆಗೆಸಿ ಎರಡು ವರ್ಷವಾದ ಮೇಲೆ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ಗೆಡ್ಡೆಗಳು ಕಾಣಿಸಿಕೊಂಡವು. ಮೊದಲ ಭೇಟಿಯಲ್ಲಿ ಡಾಕ್ಟರಮ್ಮ ಸೈಕಲ್ಲಿನ ಉದಾಹರಣೆ ಕೊಟ್ಟು, ಮುಂದಿನ ಬ್ರೇಕು ಹಿಂದಿನ ಬ್ರೇಕು ಎರಡನ್ನೂ ಬಿಡುತ್ತಿದ್ದೇವೆ ಎಂದು ವಿವರಿಸಿದರು.

"ಇಳಿಜಾರಲ್ಲಿ ಎರಡೂ ಬ್ರೇಕು ಬಿಟ್ರೆ ನನ್ನ ಗತಿ ಏನು ಡಾಕ್ಟ್ರೇ?" ಎಂದು ಆಕೆ ಕೇಳಿದರು.

"ಅದಕ್ಕೇ ಅಲ್ವಾ ನಾನಿರೋದು?" ಎಂದು ಡಾಕ್ಟರಮ್ಮ ನಕ್ಕು, ನಿಯಮದಂತೆ ಮುಂದಿನ ಮಾತನ್ನೂ ಸೇರಿಸಿದರು: "ತೊಂದರೆ ಜಾಸ್ತಿ ಆದ್ರೆ ಔಷಧಿ ನಿಲ್ಲಿಸಬೇಕಾಗುತ್ತೆ."

ಪ್ರತಿ ರೋಗಿಗೂ ಹೇಳುತ್ತಿದ್ದ, ಹೇಳಲೇಬೇಕಾಗಿದ್ದ ಪ್ರಾಮಾಣಿಕ ವಾಕ್ಯವದು. ಅದೇ ಎಂಥ ಅನಾಹುತಕ್ಕೆ ದಾರಿ ಮಾಡಬಲ್ಲದೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾಲ್ಕು ಬಾರಿ ಕೊಡಬೇಕಾದ ಜೋಡಿ ಔಷಧಿಯಲ್ಲಿ ಎರಡು ಬಾರಿ ಮುಗಿದಿತ್ತು. ಒಂದು ಮಧ್ಯಾಹ್ನ ಡಾಕ್ಟರಮ್ಮ ಎಂದಿನಂತೆ ಫೋನು ಮಾಡಿ ಹೊಟ್ಟೆಯ ಸುದ್ದಿ ಕೇಳಿದರು. "ಕಲ್ಲು ತಿಂದರೂ ಕರಗುತ್ತೆ ಡಾಕ್ಟ್ರೇ" ಎಂದು ಶಿಕ್ಷಕಿ ನಗುನಗುತ್ತ ಉತ್ತರಿಸಿದರು. ಅಷ್ಟರಲ್ಲಿ ಆ ಕಡೆ ಏನೋ ಎಳೆದಾಟವಾಗಿ, ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ ಕೇಳಿಸಿತು.

"ನಾನು ಇವಳ ಅತ್ತೆ ಮಾತಾಡ್ತಿರೋದು. ಇವಳು ಹೇಳೋದೆಲ್ಲ ಬರೀ ಸುಳ್ಳು. ಮೂರು ದಿನದಿಂದ ಬಚ್ಚಲುಮನೆ ಬಿಟ್ಟು ಬಂದಿಲ್ಲ, ನಿನ್ನೆಯಿಂದ ರಕ್ತ ಬೇರೆ. ನಮ್ಮೆಲ್ಲರ ಬಾಯಿಗೂ ಬೀಗ ಹಾಕಿದ್ದಾಳೆ."

"ಅತ್ತೇ, ಕೊಡಿ ಇಲ್ಲಿ! ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ಬೇಡಿ" ಎಂದು ಹಿಂದಿನಿಂದ ಸೊಸೆ ಕೂಗುತ್ತಿದ್ದದ್ದೂ ಕೇಳಿಸಿತು.

"ಬಿದ್ದುಕೋ. ನೀನು ಬದುಕಿದ್ದರೆ ತಾನೇ ನನ್ನ ಜೊತೆ ಜಗಳ ಆಡೋಕೆ ಆಗೋದು? ಡಾಕ್ಟ್ರೇ, ಈಗಲೇ ಕರ್ಕೊಂಡು ಬರ್ತೀವಿ."

ಆಕೆ ಬಂದಾಗ ನಾಲಿಗೆ ಒಣಗಿ, ರಕ್ತದೊತ್ತಡ ಕುಸಿದು, ಕಣ್ಣು ಗುಳಿಬಿದ್ದಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕರುಳು ತೂತುಬೀಳುವ ಅಪಾಯವಿತ್ತು. ಡ್ರಿಪ್ಪು ಹಾಕಿ, ಕೆರಳಿದ ಕಣಗಳನ್ನು ತಣಿಸಲು ಸ್ಟೆರಾಯ್ಡನ್ನು ಆರಂಭಿಸಿದ ಮೇಲೆ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕುಳಿತರು. ಬೈಯಬೇಕೆಂದೇ ಬಂದಿದ್ದರಂತೆ. ಶಿಕ್ಷಕಿ ಅದಕ್ಕೆ ಎಡೆಗೊಡಲಿಲ್ಲ.

"ನೀವೇ ಹೇಳಿದ್ರಲ್ಲ, ತೊಂದರೆ ಆದ್ರೆ ನಿಲ್ಲಿಸ್ತೀವಿ ಅಂತ. ನಿಲ್ಲಿಸಿದ್ರೆ ನಾನು ಸಾಯ್ತೀನಿ. ಹೇಳಿ, ಯಾರು ತಾನೇ ಬಾಯಿ ಬಿಡ್ತಾರೆ?"

ಡಾಕ್ಟರಮ್ಮನಿಗೆ ಆಗ ಹೊಳೆಯಿತು: ತಾವು ಎಚ್ಚರಿಕೆಯೆಂದು ಹೇಳುತ್ತ ಬಂದ ಮಾತನ್ನು ರೋಗಿಗಳು ಬೆದರಿಕೆಯೆಂದು ಕೇಳುತ್ತ ಬಂದಿದ್ದಾರೆ. "ಏನೂ ಇಲ್ಲ ಡಾಕ್ಟ್ರೇ" ಎಂದು ಫೋನಿನಲ್ಲಿ ಹೇಳಿದ ಎಷ್ಟು ಮಂದಿಯ ಮನೆಯಲ್ಲಿ ಹೀಗೆ ಬಾಯಿಗೆ ಬೀಗ ಬಿದ್ದಿತ್ತೋ ಎಂದು ಅವರು ಹಳೆಯ ಕರೆಗಳನ್ನು ಒಂದೊಂದಾಗಿ ನೆನೆಯತೊಡಗಿದರು. ಇದನ್ನು ಅವರೇ ನಮಗೆ ಹೇಳಿದ್ದು.

ವಾರದಲ್ಲಿ ಕರುಳು ಶಾಂತವಾಯಿತು. ಆಮೇಲೆ ನಿಜವಾದ ಇಕ್ಕಟ್ಟು ಎದುರಾಯಿತು. ಉಳಿದ ಎರಡು ಬಾರಿಯ ಔಷಧಿಯನ್ನು ಕೊಟ್ಟುಬಿಡಿ ಎಂದು ಶಿಕ್ಷಕಿ ಅಂಗಲಾಚಿದರು. ಒಂದನ್ನಾದರೂ ಕೊಡಬಹುದಲ್ಲ ಎಂದು ಸಹೋದ್ಯೋಗಿಗಳಲ್ಲಿ ಕೆಲವರು ವಾದಿಸಿದರು. ಎಬ್ಬಿಸಿದ ಕಣಗಳನ್ನು ಸ್ಟೆರಾಯ್ಡು ಮತ್ತೆ ಮಲಗಿಸಿದೆ, ಗೆಡ್ಡೆ ಬೆಳೆಯದೆ ಬಿಡುವುದಿಲ್ಲ ಎಂಬುದು ಅವರ ಹೆದರಿಕೆ. ನಡುವೆ ನಿಲ್ಲಿಸಬೇಕಾಗಿ ಬಂದವರಲ್ಲೂ ಅನೇಕರಿಗೆ ಚಿಕಿತ್ಸೆ ಫಲಿಸಿದೆ ಎಂಬ ವರದಿಗಳನ್ನು ಡಾಕ್ಟರಮ್ಮ ಓದಿದ್ದರು. ಆದರೆ ಅನೇಕರೆಂದರೆ ಎಲ್ಲರೂ ಅಲ್ಲ, ಮುಂದೆ ಮಲಗಿರುವವರು ಒಬ್ಬರೇ. ಗೆಡ್ಡೆ ಬೆಳೆದರೆ ಡಾಕ್ಟರಮ್ಮನೇ ಕೈಯಾರೆ ಚಿಕಿತ್ಸೆ ತಪ್ಪಿಸಿದರೆಂದು ಆಕೆಯ ಮನೆಯವರು ಜೀವಮಾನವಿಡೀ ನೆನೆಯುತ್ತಾರೆ. ಅದೆಲ್ಲ ಗೊತ್ತಿದ್ದೂ, ಮತ್ತೆ ಕರುಳು ಕೆರಳಿದರೆ ಜೀವಕ್ಕೇ ಅಪಾಯವೆಂದು, ಅವರು ಕೊಡಲು ಒಪ್ಪಲಿಲ್ಲ. ಶಿಕ್ಷಕಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು.

ಸ್ಕ್ಯಾನಿನ ದಿನದವರೆಗೆ ಡಾಕ್ಟರಮ್ಮ ಯಾರಿಗೂ ಬೈಯಲಿಲ್ಲ. ನಮಗೆ ಅದೇ ದಿಗಿಲು ಹುಟ್ಟಿಸಿತು. ಚಿತ್ರಗಳು ಬಂದಾಗ ಅವರು ಕೋಣೆಯ ದೀಪವಾರಿಸಿ, ಪರದೆಯ ಹತ್ತಿರಕ್ಕೆ ಮುಖ ತಂದು, ಹಳೆಯ ಚಿತ್ರವನ್ನೂ ಹೊಸದನ್ನೂ ಮತ್ತೆ ಮತ್ತೆ ಹೋಲಿಸಿದರು. ಯಕೃತ್ತಿನ ಗೆಡ್ಡೆಗಳು ಅರ್ಧಕ್ಕಿಂತ ಚಿಕ್ಕವಾಗಿದ್ದವು. ಶ್ವಾಸಕೋಶದಲ್ಲಿ ಕೆಲವು ಕಾಣಲೇ ಇಲ್ಲ. ಅವರು ಹೊರಗೆ ಬಂದು, ಸುದ್ದಿ ಹೇಳುವ ಬದಲು, ಎದುರಿಗೆ ಸಿಕ್ಕ ಕಿರಿಯ ವೈದ್ಯೆಗೆ ಕೋಟಿನ ಗುಂಡಿ ಹಾಕಿಕೊಂಡಿಲ್ಲವೆಂದು ಗದರಿದರು. ಸುದ್ದಿ ಒಳ್ಳೆಯದೆಂದು ನಮಗೆಲ್ಲ ಅದರಿಂದಲೇ ತಿಳಿಯಿತು.

ಅಂದಿನಿಂದ ವಿಭಾಗದಲ್ಲಿ ಮೊದಲ ಭೇಟಿಯ ಮಾತೇ ಬದಲಾಯಿತು. "ಬೇಗ ಹೇಳಿದ್ರೆ ಎಷ್ಟೋ ಸಲ ಮಾತ್ರೆಯಲ್ಲೇ ಸರಿಯಾಗುತ್ತೆ. ಔಷಧಿ ನಿಲ್ಲಿಸಿದ್ರೂ ಅದು ಹಚ್ಚಿದ ಕೆಲಸ ಒಳಗೆ ನಡೀತಾ ಇರಬಹುದು. ಮುಚ್ಚಿಟ್ರೆ ಮಾತ್ರ ನನ್ನ ಕೈಲೂ ಏನೂ ಆಗಲ್ಲ" ಎಂದು ಮೊದಲು ಹೇಳಿ, ಅಪಾಯಗಳ ವಿವರವನ್ನು ಆಮೇಲೆ ಕೊಡುವ ಕ್ರಮವನ್ನು ಅವರು ತಂದರು. ಜೊತೆಗೆ, ರೋಗಿಯನ್ನು ಕೇಳಿದ ಪ್ರಶ್ನೆಯನ್ನು ಮನೆಯ ಇನ್ನೊಬ್ಬರಿಗೂ ಕೇಳಬೇಕೆಂಬ ನಿಯಮ ಮಾಡಿದರು. ಗಂಡನೋ ಮಗಳೋ ಪಕ್ಕದ ಮನೆಯವರೋ ಯಾರಾದರೂ ಸರಿ. ನಮ್ಮಲ್ಲಿ ಅದಕ್ಕೆ ಅತ್ತೆಯ ಪ್ರಶ್ನೆ ಎಂದೇ ಹೆಸರು. ದೊಡ್ಡ ಡಾಕ್ಟರಮ್ಮ ಹೊಸದಾಗಿ ಸೇರಿದ ಬ್ರಹ್ಮಚಾರಿ ವೈದ್ಯನೊಬ್ಬನಿಗೆ, "ಅತ್ತೆಯನ್ನ ಕೇಳಿದ್ಯಾ?" ಎಂದಾಗ, ಆತ "ಮೇಡಂ, ನನಗಿನ್ನೂ ಮದುವೆ ಆಗಿಲ್ಲ" ಎಂದದ್ದು ವಿಭಾಗದ ಹಾಸ್ಯಗಳಲ್ಲೊಂದು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಎರಡು ಪ್ರತಿಕಾಯಗಳೂ ಸೋತ ರೋಗಿಗಳಿದ್ದರು, ಇಂದಿಗೂ ಇದ್ದಾರೆ. ಅವರ ಹಾಸಿಗೆಯ ಬಳಿಯೂ ದೊಡ್ಡ ಡಾಕ್ಟರಮ್ಮ ಅಷ್ಟೇ ಹೊತ್ತು ಕುಳಿತದ್ದನ್ನು ನಾವು ಕಂಡಿದ್ದೇವೆ. ಆ ದಿನಗಳಲ್ಲಿ ಅವರು ಊಟಕ್ಕೆ ನಮ್ಮ ಜೊತೆ ಬರುತ್ತಿರಲಿಲ್ಲ, ಕರೆಯುವ ಧೈರ್ಯ ನಮಗೂ ಆಗುತ್ತಿರಲಿಲ್ಲ.

ಕಳೆದ ತಿಂಗಳು ಈಜು ಶಿಕ್ಷಕಿ ವಾರ್ಷಿಕ ತಪಾಸಣೆಗೆ ಬಂದರು. ಚಿಕಿತ್ಸೆ ನಿಲ್ಲಿಸಿ ಏಳು ವರ್ಷವಾಗಿದೆ. ಚಿತ್ರಗಳಲ್ಲಿ ಹಳೆಯ ಕಲೆಗಳ ಹೊರತು ಏನೂ ಇಲ್ಲ. ಡಾಕ್ಟರಮ್ಮ ಎಲ್ಲವನ್ನೂ ನೋಡಿ ಮುಗಿಸಿ, ಮುಂದಿನ ವರ್ಷ ಇದೇ ತಿಂಗಳಲ್ಲಿ ಬರಲು ಹೇಳಿದರು.

"ಆಗ ನೀವು ಇರ್ತೀರಾ ಡಾಕ್ಟ್ರೇ?" ಎಂದು ಶಿಕ್ಷಕಿ ಕೇಳಿದರು. ನಿವೃತ್ತಿಯ ಸುದ್ದಿ ಆಕೆಗೂ ಮುಟ್ಟಿತ್ತು.

"ನಾನಿರಲ್ಲ" ಎಂದರು ಡಾಕ್ಟರಮ್ಮ. "ನೀವಿರ್ತೀರಿ."

ಹೇಳಿದ ಮೇಲೆ ಅವರಿಗೇ ಆ ಮಾತು ತಟ್ಟಿರಬೇಕು. ಮೂವತ್ತು ವರ್ಷ ಮೇಜಿನ ಈ ಬದಿಯ ಕುರ್ಚಿಯಲ್ಲಿ ಅವರೊಬ್ಬರೇ ಇದ್ದರು. ಎದುರಿನ ಕುರ್ಚಿಯಲ್ಲಿ ಕುಳಿತವರು ಬರಬರುತ್ತ ಇಲ್ಲವಾಗುತ್ತಿದ್ದರು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಶಿಕ್ಷಕಿ ಎದ್ದು ಈ ಬದಿಗೆ ಬಂದು ಅವರ ಭುಜದ ಮೇಲೆ ಕೈಯಿಟ್ಟು, "ನೀವೂ ಇರಬೇಕು, ನೂರು ವರ್ಷ" ಎಂದರು. ದೊಡ್ಡ ಡಾಕ್ಟರಮ್ಮನಿಗೆ ದೀರ್ಘಾಯುಸ್ಸನ್ನು ಕೋರುವ ಹಕ್ಕು ಅವರಿಂದ ಆಯುಸ್ಸು ಪಡೆದವರಿಗೇ ಮೊದಲು ಸಲ್ಲುತ್ತದೆ. ನಿವೃತ್ತಿಯ ನಂತರವೂ ವಾರದಲ್ಲಿ ಎರಡು ದಿನ ಬೆಳಗ್ಗೆ ಬಂದು ರೋಗಿಗಳ ಮನೆಗಳಿಗೆ ತಾವೇ ಫೋನು ಮಾಡುವುದಾಗಿ ಒಪ್ಪಿರುವ ಅವರು ಆರೋಗ್ಯದಿಂದಿದ್ದು, ಬಹುಕಾಲ ನಮ್ಮನ್ನೆಲ್ಲ ಬೈಯುತ್ತಿರಲಿ ಎಂದು ವಿಭಾಗದ ನಾವೆಲ್ಲರೂ ಆಕೆಯ ಹಾರೈಕೆಗೆ ನಮ್ಮದನ್ನೂ ಸೇರಿಸುತ್ತೇವೆ.